ತುಮಕೂರಿನ ಕಾಲೇಜುಗಳಿಗೆ ಮೂಡಲ್ ಕಟ್ಟಿಕೊಡುವಾಗ

‘ಸಾಫ್ಟ್‌ವೇರ್ ಪುಕ್ಕಟೆ ಅಂತೀರಿ, ಮತ್ತೆ ದುಡ್ಡು ಯಾತಕ್ಕೆ ಸಾರ್?’ ತುಮಕೂರಿನ ಕಾಲೇಜುಗಳಲ್ಲಿ ಮೂಡಲ್‌ಗೆ, ಅಂದರೆ ಆನ್‌ಲೈನಿನಲ್ಲಿ ಪಾಠ, ಪರೀಕ್ಷೆ ನಡೆಸುವ ಸಾಫ್ಟ್‌ವೇರಿಗೆ, ಕೊಟೇಶನ್ ಮುಂದಿಟ್ಟ ಕೂಡಲೇ ಬರುವ ಪ್ರಶ್ನೆ ಇದು. ಕೇಳುವುದು ನ್ಯಾಯವೇ. ಅದಕ್ಕೇ ಕೊಟೇಶನ್ನಿನಲ್ಲೇ ಬಿಡಿಸಿ ಬರೆಯುತ್ತೇವೆ: ಲೈಸೆನ್ಸಿಗೆ ಸೊನ್ನೆ, ಸರ್ವರ್ ಬಾಡಿಗೆ, ಇನ್‌ಸ್ಟಾಲ್, ಮೇಷ್ಟ್ರುಗಳಿಗೆ ತರಬೇತಿ, ವರ್ಷದ ನಿರ್ವಹಣೆ, ಒಂದೊಂದಕ್ಕೂ ಬೇರೆ ಸಾಲು.

2002ರಲ್ಲಿ ಮೊದಲ ಆವೃತ್ತಿ ಕಂಡ ಮೂಡಲ್ ಜಿಪಿಎಲ್ ಲೈಸೆನ್ಸಿನದು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು. ಸೇವೆ ಕೊಟ್ಟು ಹಣ ಪಡೆಯಲು ಅಡ್ಡಿಯಿಲ್ಲ. ತಿದ್ದಿದ ಕೋಡನ್ನು ಗಿರಾಕಿಯ ಕೈಗೆ ಕೊಟ್ಟರೆ ಸೋರ್ಸ್ ಕೋಡ್ ಸಮೇತ, ಅದೇ ಲೈಸೆನ್ಸಿನಲ್ಲಿ ಕೊಡಬೇಕು. ಆದರೆ ‘ಮೂಡಲ್’ ಎಂಬ ಹೆಸರು ಟ್ರೇಡ್‌ಮಾರ್ಕ್. ಅನುಮತಿಯಿಲ್ಲದೆ ಅದನ್ನು ಬೋರ್ಡಿಗೆ ಹಾಕಿಕೊಂಡು ಸೇವೆ ಮಾರುವಂತಿಲ್ಲ.

ಸರ್ವರ್ ಗಾತ್ರವನ್ನು ದಾಖಲಾದ ಮಕ್ಕಳ ಸಂಖ್ಯೆ ನೋಡಿ ನಿರ್ಧರಿಸಬೇಡಿ. ಪರೀಕ್ಷೆಯ ದಿನ ಹತ್ತು ಗಂಟೆಗೆ ಒಟ್ಟಿಗೆ ಲಾಗಿನ್ ಆಗಿ ಕ್ವಿಜ್ ಶುರು ಮಾಡುವವರು ಎಷ್ಟು ಜನ, ಅದು ಮುಖ್ಯ. 8 ಜಿಬಿ ಮೆಮೊರಿಯಲ್ಲಿ ಡೇಟಾಬೇಸಿಗೆ 2, ಆಪರೇಟಿಂಗ್ ಸಿಸ್ಟಮ್ಮಿಗೆ 1 ಬಿಟ್ಟರೆ ಉಳಿಯುವುದು 5. ಮೂಡಲ್ ಬರೆದಿರುವ ಭಾಷೆ ಪಿಎಚ್‌ಪಿ; ಒಂದು ಹೊತ್ತಿಗೆ ಒಂದು ಕೋರಿಕೆ ಪೂರೈಸುವ ಒಂದು ಪಿಎಚ್‌ಪಿ ಪ್ರೊಸೆಸ್ಸಿಗೆ 100 ಎಂಬಿ ಎಂದಿಟ್ಟುಕೊಂಡರೆ 50 ಪ್ರೊಸೆಸ್. ಅದಕ್ಕಿಂತ ಹೆಚ್ಚು ಬಿಟ್ಟರೆ ಮೆಮೊರಿ ಸಾಲದೆ ಸ್ವಾಪಿಗೆ, ಅಂದರೆ ನಿಧಾನದ ಡಿಸ್ಕಿಗೆ, ಹೋಗಿ ಇಡೀ ಸರ್ವರೇ ಮಲಗುತ್ತದೆ. ಯಾರು ಲಾಗಿನ್ ಆಗಿದ್ದಾರೆ ಎಂದು ನೆನಪಿಡುವ ಸೆಷನ್ನುಗಳನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ರೆಡಿಸ್‌ಗೆ ಹಾಕುತ್ತೇವೆ. ತರಗತಿಗಳನ್ನು ಗುಂಪು ಮಾಡಿ, ಗುಂಪಿಗೊಂದು ಸಮಯ ಕೊಡುವ ಗ್ರೂಪ್ ಓವರ್‌ರೈಡ್ ಬಳಸಿ, ಐದೈದು ನಿಮಿಷ ಹಿಂದುಮುಂದಾಗಿ ಶುರು ಮಾಡಿಸುತ್ತೇವೆ. ದೊಡ್ಡ ಸರ್ವರ್ ಕೊಳ್ಳುವುದಕ್ಕಿಂತ ಇದು ಅಗ್ಗ.

ಲ್ಯಾಬಿನ 40 ಕಂಪ್ಯೂಟರುಗಳೂ ಹೊರಗೆ ಒಂದೇ ಐಪಿ ವಿಳಾಸದಲ್ಲಿ ಕಾಣುತ್ತವೆ. ನಾಲ್ಕಾರು ಮಕ್ಕಳು ಪಾಸ್‌ವರ್ಡ್ ತಪ್ಪು ಹೊಡೆದರೆ ಸಾಕು, ತಪ್ಪು ಲಾಗಿನ್ ಹೆಚ್ಚಾದ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್‌ನಂಥ ಕಾವಲು ಇಡೀ ಲ್ಯಾಬನ್ನೇ ಹೊರಗಟ್ಟೀತು. ಕಾಲೇಜಿಗೆ ಸ್ಥಿರ ಐಪಿ ಇದ್ದರೆ ಹಿಂದಿನ ದಿನವೇ ಅದನ್ನು ವಿನಾಯಿತಿ ಪಟ್ಟಿಗೆ ಸೇರಿಸಿಡಿ.

ಮೇಲ್ ಕಳಿಸುವಂಥ ಹಿನ್ನೆಲೆ ಕೆಲಸಗಳನ್ನು ಮಾಡುವ ಕ್ರಾನ್ ನಿಮಿಷಕ್ಕೊಮ್ಮೆ ಓಡಲೇಬೇಕು. ಬ್ಯಾಕಪ್ ಎಂದರೆ ಕೋಡ್, ಡೇಟಾಬೇಸ್, ಅಪ್‌ಲೋಡ್ ಮಾಡಿದ ಫೈಲುಗಳಿರುವ ಮೂಡಲ್‌ಡೇಟಾ ಫೋಲ್ಡರ್, ಮೂರೂ. ಅಪ್‌ಗ್ರೇಡನ್ನು ಮೊದಲು ಸೈಟಿನ ಒಂದು ನಕಲು ಪ್ರತಿಯ ಮೇಲೆ ಪರೀಕ್ಷಿಸುತ್ತೇವೆ. ಆ ಪ್ರತಿಯ ಕಾನ್ಫಿಗ್ ಫೈಲಿನಲ್ಲಿ ಮೇಲ್ ಕಳಿಸುವುದನ್ನು ನಿಲ್ಲಿಸದೆ ಕ್ರಾನ್ ಬಿಟ್ಟರೆ, ಪ್ರಯೋಗದ ಮೇಲ್‌ಗಳೆಲ್ಲ ನಿಜವಾದ ಮಕ್ಕಳಿಗೇ ಹೋಗುತ್ತವೆ.

ನಮ್ಮ ಜಿಲ್ಲೆಯಲ್ಲಿ ಸೇವೆಗೆ ನಿಜವಾದ ಬೆಲೆ ಬರುವುದು ಕನ್ನಡದ ಕೆಲಸದಲ್ಲಿ. ಪರದೆಯ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ, ಪ್ರಮಾಣಪತ್ರದ ಪಿಡಿಎಫ್‌ನಲ್ಲಿ ಒಡೆಯುತ್ತದೆ. ಮೂಡಲ್ ಪಿಡಿಎಫ್‌ಗೆ ಬಳಸುವ ಟಿಸಿಪಿಡಿಎಫ್‌ಗೆ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಬರುವುದಿಲ್ಲ. ‘ಲಕ್ಷ್ಮೀ’ ಎಂಬ ಹೆಸರಿನ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ಸಾಲಿನಲ್ಲೇ ನಿಲ್ಲುತ್ತವೆ. ಫಾಂಟ್ ಬದಲಿಸಿದರೆ ಸರಿಹೋಗದು, ತೊಡಕು ಫಾಂಟಿನದ್ದಲ್ಲ. ಎಲ್ಲರಿಗೂ ಒಂದೇ ಇರುವ ಒಕ್ಕಣೆಯನ್ನು ಹಿನ್ನೆಲೆ ಚಿತ್ರವಾಗಿ ಹಾಕಬಹುದು; ಹೆಸರು ಪ್ರತಿಯೊಬ್ಬರಿಗೂ ಬೇರೆಯಾದ್ದರಿಂದ ಆ ಉಪಾಯ ನಡೆಯದು. ಹಾಗಾಗಿ ಹೆಸರುಗಳ ಪಟ್ಟಿಯನ್ನು ಹೊರತೆಗೆದು, ಎಚ್‌ಟಿಎಂಎಲ್ ಪುಟ ಮಾಡಿ, ಸರ್ವರಿನಲ್ಲಿ ಪರದೆಯಿಲ್ಲದೆ ಓಡುವ ಕ್ರೋಮಿಯಂ ಬ್ರೌಸರಿನಿಂದ ಪಿಡಿಎಫ್ ತೆಗೆಯುತ್ತೇವೆ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ. ಛಾಪಿಸುವ ಮುನ್ನ ಲಕ್ಷ್ಮೀ, ಕೃಷ್ಣ, ಜ್ಯೋತ್ಸ್ನಾ, ಈ ಮೂರು ಹೆಸರುಗಳನ್ನು ಪರೀಕ್ಷಿಸಿ ನೋಡುತ್ತೇವೆ. ಮಗುವಿನ ಹೆಸರು ಒಡೆದ ಪ್ರಮಾಣಪತ್ರವನ್ನು ಯಾವ ಮನೆಯವರೂ ಗೋಡೆಗೆ ಹಾಕಲಾರರು.