ಮೊದಲು ಕಾಳು, ಆಮೇಲೆ ತರಕಾರಿ: ನಮ್ಮ ಮನೆಯ ಅಡುಗೆ ಲೆಕ್ಕ

ಕಡಿಮೆ ಖರ್ಚಿನಲ್ಲಿ ಮನೆಮಂದಿಗೆಲ್ಲ ಹೊಟ್ಟೆ ತುಂಬ ಸಸ್ಯಾಹಾರ ಹೇಗೆ ಮಾಡುತ್ತೀರಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ತರಕಾರಿಯಿಂದ ಶುರು ಮಾಡಬೇಡಿ, ಕಾಳಿನಿಂದ ಶುರು ಮಾಡಿ. "ಇವತ್ತು ಏನು ತರಕಾರಿ?" ಅಂತ ದಿನ ಶುರುವಾದರೆ ದಿನಾ ಅಂಗಡಿಗೆ ಹೋಗಬೇಕು. ಹೋದಾಗಲೆಲ್ಲ ಬೇಡದ್ದೂ ಚೀಲಕ್ಕೆ ಬೀಳುತ್ತದೆ. "ಈ ವಾರ ಯಾವ ಕಾಳು ಬೇಯಿಸಿಟ್ಟಿದ್ದೇನೆ?" ಅಂತ ಶುರುವಾದರೆ ಅರ್ಧ ಅಡುಗೆ ಆಗಿಯೇ ಇರುತ್ತದೆ. ತರಕಾರಿ ಮನೆಯಲ್ಲಿ ಯಾವುದಿದೆಯೋ ಅದು.

ನಾವು ನಾಲ್ಕು ಜನ. ನಾನು, ಗಂಡ, ಮಗಳು, ಅತ್ತೆ. ನಾಲ್ಕು ಜನಕ್ಕೆ ದಿನಕ್ಕೆ 250 ಗ್ರಾಂ ಒಣ ಕಾಳು ಅಥವಾ ಬೇಳೆ ಅಂತ ಇಟ್ಟುಕೊಂಡಿದ್ದೇನೆ. ಅಂದರೆ ವಾರಕ್ಕೆ ಪೌಣೆ ಎರಡು ಕಿಲೋ. ಈ ಸಂಖ್ಯೆ ಸುಮ್ನೆ ಹಾಕಿದ್ದಲ್ಲ. ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 55 ಕಿಲೋ ತೂಕದವರಿಗೆ ಸುಮಾರು 46 ಗ್ರಾಂ. ಹೆಚ್ಚಿನ ಒಣ ಕಾಳುಗಳಲ್ಲಿ 100 ಗ್ರಾಂಗೆ 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ಸೋಯಾ ಆದರೆ 36ರ ಹತ್ತಿರ. ಹಾಗಾಗಿ 250 ಗ್ರಾಂ ಕಾಳಿನಿಂದ ಒಬ್ಬೊಬ್ಬರಿಗೆ 14 ಗ್ರಾಂ ಬಂತು. ದಿನವಿಡೀ ತಿನ್ನುವ ಅಕ್ಕಿ, ಗೋಧಿಯಿಂದ ಇನ್ನೊಂದು 25 ಗ್ರಾಂ. ಒಂದು ದೊಡ್ಡ ಲೋಟ ಹಾಲು ಅಥವಾ ಅಷ್ಟೇ ಮೊಸರಿನಿಂದ 8 ಗ್ರಾಂ. ಲೆಕ್ಕ ಕೂಡಿತು ಅಲ್ವಾ? ಇದಕ್ಕೆ ಪ್ರೋಟೀನ್ ಪುಡಿ ಬೇಡ, ಮಾಂಸದ ಬದಲಿಗೆ ಅಂತ ಮಾರುವ ದುಬಾರಿ ಪ್ಯಾಕೆಟ್ಟೂ ಬೇಡ.

ಕಾಳನ್ನೂ ಧಾನ್ಯವನ್ನೂ ಒಂದೇ ತಟ್ಟೆಯಲ್ಲಿ ತಿನ್ನಲೇಬೇಕು ಅಂತ ಕೆಲವರು ಚಿಂತೆ ಮಾಡುತ್ತಾರೆ. ಪ್ರೋಟೀನನ್ನು ಕಟ್ಟುವ ಅಂಶಗಳಲ್ಲಿ ಲೈಸಿನ್ ಅನ್ನುವುದು ಕಾಳಿನಲ್ಲಿ ಜಾಸ್ತಿ, ಮೆಥಿಯೊನಿನ್ ಅನ್ನುವುದು ಕಡಿಮೆ. ಧಾನ್ಯದಲ್ಲಿ ಇದು ತಿರುಗುಮುರುಗು. ಎರಡೂ ಸೇರಿದರೆ ಒಳ್ಳೆಯದು ನಿಜ. ಆದರೆ ಒಂದೇ ಊಟದಲ್ಲಿ ಸೇರಬೇಕಿಲ್ಲ, ಒಂದು ದಿನದೊಳಗೆ ಸೇರಿದರೆ ಸಾಕು.

ಬೆಲೆ ಹೋಲಿಸುವಾಗ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕಿಲೋ ಬೆಲೆ ನೋಡಿ ನಿರ್ಧಾರ ಮಾಡುವುದಿಲ್ಲ, ಬೇಯಿಸಿದ ಮೇಲೆ ಎಷ್ಟಾಗುತ್ತದೆ ಅಂತ ನೋಡುತ್ತೇನೆ. ಒಣ ಕಡಲೆ ಬೆಂದಾಗ ತೂಕ ಎರಡರಿಂದ ಎರಡೂವರೆ ಪಟ್ಟು ಆಗುತ್ತದೆ. 400 ಗ್ರಾಂ ಅಂತ ಬರೆದ ಡಬ್ಬಿಯ ಕಡಲೆಯಲ್ಲಿ ನೀರು ಬಸಿದರೆ ಸಿಗುವುದು ಸುಮಾರು 240 ಗ್ರಾಂ. ಅಂದರೆ ಒಣ ಕಡಲೆ 100 ಗ್ರಾಂನ ಆಸುಪಾಸು. ಹಾಗಾಗಿ ಡಬ್ಬಿಯ ಬೆಲೆಯನ್ನು 100 ಗ್ರಾಂ ಒಣ ಕಡಲೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಡಬ್ಬಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಲೆ ಹೊತ್ತಿಸಲೂ ಆಗದಷ್ಟು ಸುಸ್ತಾದ ದಿನಕ್ಕೆ ಅದೂ ಬೇಕು. ಆದರೆ ದಿನನಿತ್ಯದ ಅಡುಗೆ ಅದರ ಮೇಲೆ ನಿಂತರೆ ಖರ್ಚು ಏರುತ್ತದೆ.

ಈಗ ಪಾತ್ರೆಯ ವಿಷಯ. ವಾರಕ್ಕೆ ಎರಡು ಸಲ ದೊಡ್ಡ ಪಾತ್ರೆಯಲ್ಲಿ ಕಾಳು ಬೇಯಿಸುತ್ತೇನೆ. ಹಿಂದಿನ ರಾತ್ರಿ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಕಡಲೆ ಆರಿಸಿ, ತೊಳೆದು, ಮೂರು ಪಟ್ಟು ನೀರಿನಲ್ಲಿ ನೆನೆಹಾಕುತ್ತೇನೆ. ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವ ಮಾತು ಬಹಳ ಕಡೆ ಕೇಳಿದ್ದೇನೆ. ಆಗುವುದು ಅದಕ್ಕೆ ಉಲ್ಟಾ. ಕಾಳಿನ ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿಡುವುದು ಅದರಲ್ಲಿರುವ ಪೆಕ್ಟಿನ್ ಅನ್ನುವ ಅಂಟಿನಂಥ ಅಂಶ, ಮತ್ತು ಆ ಪೆಕ್ಟಿನ್‌ಗೆ ಅಂಟಿಕೊಂಡ ಕ್ಯಾಲ್ಸಿಯಂ. ಉಪ್ಪಿನ ಸೋಡಿಯಂ ಒಳಗೆ ಹೋಗಿ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ. ಸಿಪ್ಪೆ ಮೆತ್ತಗಾಗುತ್ತದೆ, ಒಡೆಯುವುದೂ ಕಡಿಮೆ. ಗಡಸು ನೀರಿನಲ್ಲಿ ಕಾಳು ಬೇಯದಿರುವುದೂ ಇದೇ ಕಾರಣಕ್ಕೆ, ಆ ನೀರಿನಲ್ಲೇ ಕ್ಯಾಲ್ಸಿಯಂ ತುಂಬಿರುತ್ತದೆ. ಅಂಥ ನೀರಾದರೆ ಬೇಯಿಸುವಾಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಚಿಟಿಕೆ ಮಾತ್ರ. ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ.

ಬೆಳಿಗ್ಗೆ ನೆನೆದ ನೀರು ಚೆಲ್ಲಿ, ಕಾಳು ತೊಳೆದು, ಹೊಸ ನೀರು ಹಾಕಿ ಕುಕ್ಕರ್‌ಗೆ ಇಡುತ್ತೇನೆ. ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಕಾಳು ನೊರೆ ಬರುತ್ತದೆ, ನೊರೆ ಆವಿಯ ದಾರಿಯನ್ನು ಮುಚ್ಚಬಹುದು. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಒತ್ತಡ ಬಂದ ಮೇಲೆ ಉರಿ ಸಣ್ಣ ಮಾಡಿ 15ರಿಂದ 20 ನಿಮಿಷ. ಆಮೇಲೆ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಡುತ್ತೇನೆ. ಒಳಗಿನ ಬಿಸಿಯಲ್ಲೇ ಕಾಳು ಇನ್ನಷ್ಟು ಬೇಯುತ್ತದೆ, ಅಷ್ಟು ಗ್ಯಾಸ್ ಉಳಿಯುತ್ತದೆ. ತೆರೆದ ಮೇಲೆ ಒಂದೇ ಕಾಳು ತೆಗೆದು ನೋಡಿದರೆ ಸಾಲದು. ಪಾತ್ರೆಯ ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆದು ನಾಲಿಗೆಗೂ ಅಂಗುಳಿಗೂ ನಡುವೆ ಒತ್ತುತ್ತೇನೆ. ಐದೂ ಬೆಣ್ಣೆಯಂತೆ ಕರಗಬೇಕು. ಒಂದು ಗಟ್ಟಿ ಇದ್ದರೂ ಮತ್ತೆ ಐದು ನಿಮಿಷ.

ಹುಳಿ ಮಾತ್ರ ಕಾಳು ಪೂರ್ತಿ ಬೆಂದ ಮೇಲೆಯೇ. ಟೊಮೆಟೊ, ನಿಂಬೆ ಯಾವುದಾದರೂ ಸರಿ, ಮೊದಲೇ ಹಾಕಿದರೆ ಪೆಕ್ಟಿನ್ ಕರಗದೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಬಹಳ ಹಳೆಯ ಕಾಳು ಎಷ್ಟು ಬೇಯಿಸಿದರೂ ಬೇಯುವುದಿಲ್ಲ. ಅದಕ್ಕೇ ಅಗ್ಗಕ್ಕೆ ಸಿಕ್ಕಿತು ಅಂತ ವರ್ಷಕ್ಕಾಗುವಷ್ಟು ಕಾಳು ಕೊಂಡಿಡಬೇಡಿ. ಎರಡು ಮೂರು ತಿಂಗಳಿಗೆ ಸಾಕು.

ಕೆಂಪು ರಾಜ್ಮಾಗೆ ಬೇರೆಯೇ ಎಚ್ಚರ ಬೇಕು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಸಿ ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಅನ್ನುವ ವಿಷದ ಅಂಶ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಯುತ್ತಿರುವ ಹಾಗೆ 30 ನಿಮಿಷ ಬೇಯಿಸಬೇಕು. ಸ್ಲೋ ಕುಕ್ಕರ್‌ನಲ್ಲಿ ಹಸಿ ರಾಜ್ಮಾ ಹಾಕಲೇಬೇಡಿ. ಅದರ ಕಡಿಮೆ ಬಿಸಿಯಲ್ಲಿ ವಿಷ ಹೋಗುವ ಬದಲು ಹೆಚ್ಚಾಗಬಹುದು.

ಇಷ್ಟೆಲ್ಲ ಮಾಡಿ ರುಚಿ ಇಲ್ಲದಿದ್ದರೆ ಎಲ್ಲ ವ್ಯರ್ಥ. ನನ್ನ ಪ್ರಕಾರ ಅಗ್ಗದ ಅಡುಗೆ ಸೋಲುವುದು ಪೋಷಕಾಂಶದಲ್ಲಿ ಅಲ್ಲ, ರುಚಿಯಲ್ಲಿ. ಮನೆಯವರು ತಟ್ಟೆ ಸರಿಸಿ ಹೊರಗಿನಿಂದ ತರಿಸಿಕೊಂಡರೆ ವಾರದ ಉಳಿತಾಯ ಒಂದೇ ಸಂಜೆಯಲ್ಲಿ ಹೋಯಿತು. ಅದಕ್ಕೆ ಕಾಳು ಬೇಯುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಈರುಳ್ಳಿ ಬಾಡಿಸಲು ಇಡುತ್ತೇನೆ. ಒಂದು ಕಿಲೋ ಈರುಳ್ಳಿ ಸಣ್ಣಗೆ ಸೀಳಿ, ದಪ್ಪ ತಳದ ಬಾಣಲೆಗೆ ಎಣ್ಣೆ ಮತ್ತು ಉಪ್ಪಿನ ಜೊತೆ ಹಾಕಿ ಮುಚ್ಚುತ್ತೇನೆ. ಮೊದಲ ಹತ್ತು ನಿಮಿಷ ಅದು ನೀರು ಬಿಡುತ್ತದೆ. ಆಮೇಲೆ ಮುಚ್ಚಳ ತೆಗೆಯಬೇಕು. ನೀರು ಆರಿದಂತೆ ತಳದಲ್ಲಿ ಕಂದು ಪದರ ಹಿಡಿಯಲು ಶುರುವಾಗುತ್ತದೆ. ಆಗ ಎರಡು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆದು ಈರುಳ್ಳಿಗೇ ಸೇರಿಸುವುದು. ಮತ್ತೆ ಹಿಡಿಯುತ್ತದೆ, ಮತ್ತೆ ಕೆರೆಯುವುದು. ಮುಕ್ಕಾಲು ಗಂಟೆಯಲ್ಲಿ ಅಷ್ಟು ಈರುಳ್ಳಿ ಒಂದು ಬಟ್ಟಲಿನಷ್ಟಾಗಿ, ಜೇನಿನ ಬಣ್ಣ ದಾಟಿ, ಮನೆಯೆಲ್ಲ ಘಮ್ ಅನ್ನುತ್ತದೆ. ಆಗ ಬೆಳ್ಳುಳ್ಳಿ, ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ ಇಳಿಸುತ್ತೇನೆ. ಈ ಗಟ್ಟಿ ಮಸಾಲೆ ಎರಡು ಚಮಚ ಬಿದ್ದರೆ ಯಾವ ಸಪ್ಪೆ ಕಾಳಿಗೂ ಜೀವ ಬರುತ್ತದೆ. ಚಿಕ್ಕ ಚಿಕ್ಕ ಉಂಡೆ ಮಾಡಿ ಫ್ರೀಜರ್‌ನಲ್ಲಿ ಇಡುತ್ತೇನೆ. ಕಾಳಿನ ಅಡುಗೆ ಇಳಿಸುವ ಮುಂಚೆ ನಾಲ್ಕು ಹನಿ ನಿಂಬೆ ಹಿಂಡುವುದನ್ನೂ ಮರೆಯುವುದಿಲ್ಲ. ಉಪ್ಪು ಕಡಿಮೆ ಆಗಿದೆ ಅಂತ ಅನ್ನಿಸುವಾಗ ಬಹಳ ಸಲ ಬೇಕಿರುವುದು ಹುಳಿ.

ಒಂದು ಪಾತ್ರೆ ಕಡಲೆ ನಮ್ಮಲ್ಲಿ ಹೀಗೆ ಖರ್ಚಾಗುತ್ತದೆ. ಮೊದಲ ದಿನ ಈ ಮಸಾಲೆಯ ಜೊತೆ ಅನ್ನಕ್ಕೆ. ಮಾರನೆಯ ದಿನ ಬೆಂದ ಆಲೂಗಡ್ಡೆ ಜೊತೆ ಹಿಸುಕಿ, ತಟ್ಟಿ, ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ. ಮಗಳಿಗೆ ಇದು ಸಿಕ್ಕಿದರೆ ಬೇರೇನೂ ಬೇಡ. ಮೂರನೆಯ ದಿನ ಉಳಿದದ್ದನ್ನು ಕ್ಯಾರೆಟ್, ಎಲೆಕೋಸಿನ ಜೊತೆ ಕುದಿಸಿ, ಅರ್ಧ ರುಬ್ಬಿ ಗಟ್ಟಿ ಸೂಪ್. ಬೇಯಿಸಿದ ನೀರಿನಲ್ಲೂ ರುಚಿ ಇದೆ, ಅದನ್ನು ಸೂಪಿಗೇ ಸುರಿಯುತ್ತೇನೆ. ಅತ್ತೆಗೆ ಖಾರ ಆಗುವುದಿಲ್ಲ. ಹಾಗಾಗಿ ಖಾರ ಹಾಕುವ ಮುಂಚೆ ಅವರ ಪಾಲು ತೆಗೆದಿಡುವುದು. ಒಂದೇ ಅಡುಗೆ, ಎರಡು ಪಾತ್ರೆ. ಇಬ್ಬರಿಗೆ ಬೇರೆ ಬೇರೆ ಅಡುಗೆ ಮಾಡುವ ಖರ್ಚೂ ಇಲ್ಲ, ಶ್ರಮವೂ ಇಲ್ಲ.

ತರಕಾರಿ ವಾರಕ್ಕೊಮ್ಮೆ ತರುತ್ತೇವೆ. ತರಕಾರಿ, ಹಣ್ಣು ಸೇರಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲೂಗಡ್ಡೆ ಅದರಲ್ಲಿ ಸೇರುವುದಿಲ್ಲ. ನಾಲ್ಕು ಜನಕ್ಕೆ ವಾರಕ್ಕೆ 11 ಕಿಲೋ ಆಯಿತು. ಇಷ್ಟನ್ನು ಒಮ್ಮೆಗೇ ತಂದರೆ ಕೊಳೆಯುವುದಿಲ್ಲವೇ? ತಿನ್ನುವ ಕ್ರಮ ಸರಿ ಇದ್ದರೆ ಇಲ್ಲ. ಸೊಪ್ಪು ಮೊದಲ ಎರಡು ದಿನ. ಆಮೇಲೆ ಬೀನ್ಸ್, ಹೂಕೋಸು, ಬದನೆ. ಎಲೆಕೋಸು, ಕ್ಯಾರೆಟ್, ಕುಂಬಳ, ಬೀಟ್ರೂಟ್ ಕೊನೆಗೆ. ಅವು ಕಾಯುತ್ತವೆ. ಹೂಕೋಸಿನ ದಂಟು, ಎಲೆ, ಬೀಟ್ರೂಟಿನ ಸೊಪ್ಪು ಎಲ್ಲ ಪಲ್ಯಕ್ಕೆ ಬರುತ್ತವೆ. ದುಡ್ಡು ಕೊಟ್ಟು ತೂಕ ಹಾಕಿಸಿಕೊಂಡದ್ದೇ ಅಲ್ವಾ? ಕಾಲ ಅಲ್ಲದ ಕಾಲದಲ್ಲಿ ಫ್ರೋಜನ್ ಬಟಾಣಿ ತಂದರೆ ತಪ್ಪೇನಿಲ್ಲ. ಸಿಪ್ಪೆ ಸುಲಿದೇ ಬರುತ್ತದೆ, ಕಿತ್ತ ಕೂಡಲೇ ಹೆಪ್ಪುಗಟ್ಟಿಸಿರುವುದರಿಂದ ಸತ್ವವೂ ಚೆನ್ನಾಗಿ ಉಳಿದಿರುತ್ತದೆ.

ಒಮ್ಮೆಗೇ ಜಾಸ್ತಿ ಬೇಯಿಸುವವರು ತಣಿಸುವ ಕೆಲಸವನ್ನು ಹಗುರವಾಗಿ ನೋಡಬಾರದು. ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ನಡುವಿನ ಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲದ ತಟ್ಟೆಗಳಿಗೆ ತೆಳ್ಳಗೆ ಹರಡಿದರೆ ಬೇಗ ಆರುತ್ತದೆ. ಅನ್ನಕ್ಕೆ ಇದು ಇನ್ನೂ ಮುಖ್ಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಹೊರಗಿಟ್ಟರೆ ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ನಮ್ಮಲ್ಲಿ ಅನ್ನ ಮಾರನೆಯ ದಿನಕ್ಕೆ ಮುಗಿಯಬೇಕು, ಬೆಂದ ಕಾಳು ಫ್ರಿಜ್‌ನಲ್ಲಿ ಮೂರು ದಿನ. ಮಿಕ್ಕದ್ದು ಫ್ರೀಜರ್‌ಗೆ, ಡಬ್ಬಿಯ ಮೇಲೆ ತಾರೀಕು ಬರೆದು.

ಕಬ್ಬಿಣದ ಅಂಶಕ್ಕೂ ಖರ್ಚಿಲ್ಲದ ಉಪಾಯ ಇದೆ. ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಜೊತೆಗೆ ನಿಂಬೆಯೋ ಟೊಮೆಟೊವೋ ದೊಣ್ಣೆಮೆಣಸೋ ಇದ್ದರೆ ಸಿ ಜೀವಸತ್ವದಿಂದ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಅದು ತಗ್ಗುತ್ತದೆ. ನಮ್ಮಲ್ಲಿ ಟೀ ಊಟವಾಗಿ ಒಂದು ಗಂಟೆಯ ಮೇಲೆ. ಬಿ12 ಜೀವಸತ್ವ ಮಾತ್ರ ಕಾಳು, ತರಕಾರಿಯಿಂದ ಸಿಗುವುದಿಲ್ಲ. ಹಾಲು, ಮೊಸರು ಬಿಟ್ಟವರು ಬಿ12 ಸೇರಿಸಿದ ಆಹಾರವನ್ನೋ ಮಾತ್ರೆಯನ್ನೋ ತೆಗೆದುಕೊಳ್ಳಲೇಬೇಕು. ಇದರಲ್ಲಿ ಉಳಿತಾಯ ನೋಡಬೇಡಿ.

ಹೊಸದಾಗಿ ಶುರು ಮಾಡುವವರು ಮೊದಲ ದಿನವೇ ಕಡಲೆಗೆ ಕೈ ಹಾಕುವುದು ಬೇಡ. ಕಾಳು ತಿಂದು ಅಭ್ಯಾಸವಿಲ್ಲದ ಹೊಟ್ಟೆ ಉಬ್ಬರಿಸುತ್ತದೆ. ಅದರಲ್ಲಿರುವ ಕೆಲವು ಸಕ್ಕರೆಗಳು ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹೋಗಿ ಗ್ಯಾಸ್ ಆಗುತ್ತವೆ. ನೆನೆಸಿದ ನೀರು ಚೆಲ್ಲಿದರೆ ಒಂದಷ್ಟು ಕಡಿಮೆ. ಸಿಪ್ಪೆ ತೆಗೆದು ಒಡೆದ ಕೆಂಪು ಬೇಳೆ, ಹೆಸರುಬೇಳೆಯಿಂದ ಶುರು ಮಾಡಿ. ಅವನ್ನು ನೆನೆಸುವುದೂ ಬೇಕಿಲ್ಲ, ತೆರೆದ ಪಾತ್ರೆಯಲ್ಲೇ ಅರ್ಧ ಗಂಟೆಯಲ್ಲಿ ಬೇಯುತ್ತವೆ. ಎರಡು ವಾರ ಅದು ಒಗ್ಗಿದ ಮೇಲೆ ಇಡೀ ಹೆಸರುಕಾಳು, ಆಮೇಲೆ ಕಡಲೆ, ಎಲ್ಲದರ ಕೊನೆಗೆ ರಾಜ್ಮಾ.