ಒತ್ತಕ್ಷರ ಕೆಡದಂತೆ ಪ್ರೆಸ್ಸಿಗೆ ಫೈಲ್ ಕಳಿಸುವುದು ಹೇಗೆ?

ಶಾಲೆಯ ಸ್ಮರಣ ಸಂಚಿಕೆ, ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇಂಥವನ್ನು ಮನೆಯಲ್ಲೇ ಡಿಸೈನ್ ಮಾಡಿ ಶಿವಮೊಗ್ಗದ ಪ್ರೆಸ್ಸಿಗೆ ಕಳಿಸುವವರಿದ್ದಾರೆ. ಅಚ್ಚಾಗಿ ಬಂದಾಗ ಒತ್ತಕ್ಷರ ಪಕ್ಕಕ್ಕೆ ಜಾರಿದ್ದರೆ ಬೈಗುಳ ಪ್ರೆಸ್ಸಿನವರಿಗೆ. ಆದರೆ ಮೆಷಿನ್ ಕನ್ನಡ ಓದುವುದಿಲ್ಲ. ಫೈಲಿನಲ್ಲಿ ಏನಿದೆಯೋ ಅದೇ ಅಚ್ಚಿನ ಪ್ಲೇಟಿಗೆ ಹೋಗುತ್ತದೆ.

ಮೊದಲು ನಿಮ್ಮ ಬರಹ ಯಾವ ಬಗೆಯ ಫಾಂಟಿನಲ್ಲಿದೆ ನೋಡಿ. ‘ನುಡಿ’, ‘ಬರಹ’, ‘ಶ್ರೀಲಿಪಿ’ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಪುಟ ಕಲಸುಮೇಲೋಗರ. ಯುನಿಕೋಡ್ ಹಾಗಲ್ಲ. ಅಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. ಫಾಂಟ್ ಬದಲಾದರೂ ಓದಲು ಬರುತ್ತದೆ. ಹೊಸ ಕೆಲಸವಾದರೆ ಯುನಿಕೋಡ್‌ನಲ್ಲೇ ಶುರು ಮಾಡಿ. ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತವೆ, ಅಚ್ಚಿಗೆ ಬಳಸಲು ಅಡ್ಡಿಯಿಲ್ಲ.

ಹಳೆಯ ಬರಹವನ್ನು ಯುನಿಕೋಡ್‌ಗೆ ಬದಲಿಸಿದರೆ ಅಲ್ಲಿಗೇ ಬಿಡಬೇಡಿ, ಕೂತು ಓದಿ. ಅರ್ಕಾವತ್ತು ಇರುವ ಪದಗಳನ್ನು, ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡು ಒತ್ತಿನ ಪದಗಳನ್ನು ಒಂದೊಂದಾಗಿ ನೋಡಬೇಕು. ನಡುವೆ ಇಂಗ್ಲಿಷ್ ಪದ, ಇ-ಮೇಲ್ ವಿಳಾಸ ಇದ್ದರೆ ಅವೂ ಕನ್ನಡದ ಗೋಜಲಾಗಿ ಬಿಡಬಹುದು.

ಇನ್ನು ಸಾಫ್ಟ್‌ವೇರ್. ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಬರುವುದಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ, ಅಲ್ವಾ? ಪ್ರೆಸ್ಸಿನವರು ಅದನ್ನೇ ಬಳಸುತ್ತಿದ್ದರೆ ಬರೀ ಬರಹವನ್ನು ಕೊಡದೆ, ಪುಟ ಕಟ್ಟಿದ ಪಿಡಿಎಫ್ ಕೊಡುವುದೇ ಮೇಲು. ಅದೇ ಕೆಲಸದ ಹೊಸ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಫಾಂಟನ್ನು ದೂರಬೇಡಿ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ಅಕ್ಷರ ಜೋಡಿಸುವ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿ, ಸರಿಹೋಗುತ್ತದೆ.

ಅಳತೆ, ಬಣ್ಣದ ವಿಷಯ ಚಿಕ್ಕದು. ಪುಟದ ಅಂಚಿನವರೆಗೆ ಬಣ್ಣ ಇದ್ದರೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಡಿ. ಎ4 ಪುಟವಾದರೆ ಫೈಲಿನ ಅಳತೆ 216 × 303 ಮಿ.ಮೀ. ಆಗುತ್ತದೆ. ಫೋಟೊ ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಕಳಿಸಿದ ಹಾಗೆ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಡಿ. ಫೋಟೊಗಳು ಸಿಎಂವೈಕೆಯಲ್ಲಿ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕದಲ್ಲಿರಲಿ.

ಬರಹದ ಕಪ್ಪಿನ ಬಗ್ಗೆ ಮಾತ್ರ ಹಟ ಹಿಡಿಯಲೇಬೇಕು. ಅದು ಬರೀ ಕಪ್ಪು ಶಾಯಿಯಲ್ಲಿ, ಅಂದರೆ ಕೆ 100ರಲ್ಲಿ (ಕಪ್ಪು ನೂರಕ್ಕೆ ನೂರು, ಉಳಿದ ಮೂರು ಸೊನ್ನೆ) ಇರಬೇಕು. ನಾಲ್ಕು ಬಣ್ಣ ಸೇರಿ ಆದ ಕಪ್ಪಾದರೆ ಬಣ್ಣಕ್ಕೊಂದರಂತೆ ಇರುವ ನಾಲ್ಕು ಪ್ಲೇಟೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರಬೇಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ಆಗ ಬಣ್ಣ ಜಾರಿ, ಸಣ್ಣ ಒತ್ತಕ್ಷರಗಳಿಗೆ ಬಣ್ಣದ ನೆರಳು ಬೀಳುತ್ತದೆ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಇಡುವಾಗಲೂ ಇದೇ ತೊಂದರೆ, ಹಾಗಾಗಿ ಅಲ್ಲಿ ದಪ್ಪ ಫಾಂಟ್ ಬಳಸಿ.

ಪುಸ್ತಕವಾದರೆ ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ. ಅಚ್ಚಿಗೆಂದೇ ಇರುವ ಪಿಡಿಎಫ್ ಬಗೆಗಳಲ್ಲಿ ಪಿಡಿಎಫ್/ಎಕ್ಸ್-1ಎ ಬೇಕೋ, ಎಕ್ಸ್-4 ಬೇಕೋ ಅಂತ ಪ್ರೆಸ್ಸಿನವರನ್ನು ಮೊದಲೇ ಕೇಳಿ. ಅಕ್ರೊಬ್ಯಾಟ್‌ನಲ್ಲಿ ಕಂಟ್ರೋಲ್ ಡಿ ಒತ್ತಿ ‘ಫಾಂಟ್ಸ್’ ನೋಡಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ (ಫೈಲಿನೊಳಗೇ ಸೇರಿದೆ) ಎಂದಿರಬೇಕು. ಒಂದೇ ಪುಟದ ಪೋಸ್ಟರ್, ಆಮಂತ್ರಣವಾದರೆ ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ ಮಾಡಿದರೆ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿದರೆ, ಸಾಕು. ಕರ್ವ್ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ. ಹಾಗಾಗಿ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡಿರಿ.

ಕಳಿಸುವ ಮುನ್ನ ಆ ಪಿಡಿಎಫನ್ನು ನೀವು ಬಳಸಿದ ಫಾಂಟ್ ಇಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಪ್ರೆಸ್ಸಿನಿಂದ ಪ್ರೂಫ್ (ಅಚ್ಚಿಗೆ ಮುನ್ನ ನೋಡಲು ಕೊಡುವ ಮಾದರಿ) ಬಂದಾಗ ಅದನ್ನು ಮೊಬೈಲಿನಲ್ಲಿ ನೋಡಿ ಸುಮ್ನೆ ‘ಓಕೆ’ ಅನ್ನಬೇಡಿ. ಕಾಗದದ ಮೇಲೆ ತೆಗೆಸಿ, ಊರಿನ ಹೆಸರು, ಜನರ ಹೆಸರು, ದಿನಾಂಕ ಓದಿ, ಆಮೇಲೆ ಸಹಿ ಹಾಕಿ.