ಸಿಗ್ನಲ್ ತುಂಬಾ ಇದ್ದರೂ ವೈಫೈ ಯಾಕೆ ಕಡಿಯುತ್ತಿತ್ತು?

ನಾನು ಮನೆಯಲ್ಲೇ ಕೂತು ಪುಸ್ತಕಗಳ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಸ್ಕ್ರೈಬಸ್‌ನಲ್ಲಿ ಪುಟ ಜೋಡಿಸಿ, ಪಿಡಿಎಫ್ ಮಾಡಿ, ರಾತ್ರಿಯೊಳಗೆ ಪ್ರೆಸ್ಸಿಗೆ ಅಪ್‌ಲೋಡ್ ಮಾಡಬೇಕು. ಡೆಸ್ಕ್‌ಟಾಪಿನಲ್ಲಿರುವುದು ಲಿನಕ್ಸ್. ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿದೆ, ರೂಟರ್ ಕೆಳಗೆ ಹಾಲ್‌ನಲ್ಲಿದೆ. ಗೋಡೆ ಕೊರೆದು ಕೇಬಲ್ ಎಳೆಯುವುದು ಅಮ್ಮನಿಗೆ ಇಷ್ಟವಿರಲಿಲ್ಲ. ಹಾಗಾಗಿ ವೈಫೈ ಹಿಡಿಯುವ ಒಂದು ಪುಟ್ಟ ಯುಎಸ್‌ಬಿ ಡಾಂಗಲ್ ತಂದು ಸಿಪಿಯು ಹಿಂದೆ ಚುಚ್ಚಿದ್ದೆ. 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಓಡುವ ಡಾಂಗಲ್ ಅದು.

ಮೊದಲ ಕೆಲವು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಕಾಟ ಶುರುವಾಯಿತು. ಅಪ್‌ಲೋಡ್ ಶೇಕಡ 90ಕ್ಕೆ ಬಂದು ನಿಲ್ಲುತ್ತಿತ್ತು. ಮೂಲೆಯ ಚಿಹ್ನೆಯಲ್ಲಿ ಗೆರೆಗಳು ತುಂಬಿಯೇ ಇರುತ್ತಿದ್ದವು, ಆದರೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ಡಾಂಗಲ್ ಕಿತ್ತು ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದೆ. ಹುಡುಗ ಬಂದು ನೋಡಿ, "ಮೇಡಂ, ಲೈನ್ ಸರಿ ಇದೆ, ನಿಮ್ಮ ಮೊಬೈಲ್‌ನಲ್ಲಿ ಬರ್ತಿದೆ ಅಲ್ವಾ?" ಎಂದ. ಅವನ ಮಾತು ನಿಜವೇ ಆಗಿತ್ತು. ಅದೇ ಮೇಜಿನ ಮೇಲಿಟ್ಟ ಮೊಬೈಲ್ ಒಂದು ಸಲವೂ ಕಡಿಯುತ್ತಿರಲಿಲ್ಲ.

ಅವತ್ತು ಒಂದು ನೋಟ್‌ಬುಕ್ ತೆಗೆದಿಟ್ಟುಕೊಂಡೆ. ಅಲ್ಲಿಯವರೆಗೆ ಯಾರು ಏನು ಹೇಳಿದರೂ ಅದನ್ನೆಲ್ಲ ಒಟ್ಟಿಗೆ ಮಾಡುತ್ತಿದ್ದೆ. ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತೇ ಆಗುತ್ತಿರಲಿಲ್ಲ. ಇನ್ನು ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ, ಸಮಯ ಬರೆದಿಟ್ಟು ಮಾಡುವುದು ಎಂದು ನಿರ್ಧರಿಸಿದೆ.

ಮೊದಲು ಎರಡು ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ, ತೆರೆದೆ. ಒಂದರಲ್ಲಿ ನಮ್ಮ ರೂಟರ್‌ಗೇ ಪಿಂಗ್ ಹಾಕಿದೆ, ಅಂದರೆ 192.168.1.1ಕ್ಕೆ. ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ಪಿಂಗ್ ಅಂದರೆ 'ಇದ್ದೀಯಾ?' ಎಂದು ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ನೋಡುವುದು. ಎರಡನ್ನೂ ಓಡಲು ಬಿಟ್ಟು ಕೆಲಸ ಮಾಡುತ್ತಾ ಕೂತೆ. ರೂಟರ್ ಪಿಂಗ್ ಸರಿಯಾಗಿದ್ದು ಹೊರಗಿನದು ಮಾತ್ರ ನಿಂತರೆ ತೊಂದರೆ ಲೈನಿನದು. ಎರಡೂ ಒಟ್ಟಿಗೆ ನಿಂತರೆ ನನ್ನ ಕಂಪ್ಯೂಟರಿಗೂ ರೂಟರಿಗೂ ನಡುವೆ ಏನೋ ಆಗುತ್ತಿದೆ ಎಂದರ್ಥ. ಎರಡೂ ಒಟ್ಟಿಗೇ ನಿಂತವು. ಹುಡುಕುವ ಜಾಗ ಅಲ್ಲಿಗೇ ಅರ್ಧಕ್ಕಿಳಿಯಿತು.

ಪಿಂಗ್‌ನ ಸಮಯಗಳನ್ನು ನೋಡಿದಾಗ ಇನ್ನೊಂದು ವಿಷಯ ಕಂಡಿತು. ಕಡಿಯದೇ ಇದ್ದಾಗಲೂ ಉತ್ತರ ಒಂದೇ ಸಮನೆ ಬರುತ್ತಿರಲಿಲ್ಲ. ಒಮ್ಮೆ 3 ಮಿಲಿಸೆಕೆಂಡ್, ಮುಂದಿನದು 110, ಆಮೇಲೆ 4, ಮತ್ತೆ 210. ಹತ್ತು ಹೆಜ್ಜೆ ದೂರದ ರೂಟರ್‌ಗೆ ಇಷ್ಟು ಹೊತ್ತು ಬೇಡ. ಈ ನೂರು, ಇನ್ನೂರರ ಲೆಕ್ಕಕ್ಕೆ ಒಂದು ಕಾರಣವಿದೆ. ಹೆಚ್ಚಿನ ರೂಟರ್‌ಗಳು ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್ ಕಳಿಸುತ್ತವೆ, 'ನಾನಿದ್ದೇನೆ' ಎಂದು ಕೂಗಿದ ಹಾಗೆ. ಪವರ್ ಸೇವ್ ಆನ್ ಇದ್ದರೆ ವೈಫೈ ಸಾಧನ ಎರಡು ಬೀಕನ್‌ಗಳ ನಡುವೆ ನಿದ್ದೆ ಹೋಗುತ್ತದೆ. ಅದಕ್ಕೆ ಬಂದದ್ದನ್ನು ಅಷ್ಟು ಹೊತ್ತು ರೂಟರ್ ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಇದು ಒಳ್ಳೆಯದೇ, ಬ್ಯಾಟರಿ ಉಳಿಯುತ್ತದೆ. ಸದಾ ಗೋಡೆಯ ಪ್ಲಗ್ಗಿನಲ್ಲೇ ಇರುವ ಡೆಸ್ಕ್‌ಟಾಪಿಗೆ ಇದರಿಂದ ಏನೂ ಲಾಭವಿಲ್ಲ. ಸಾಧನ ಓಡಿಸುವ ತಂತ್ರಾಂಶಗಳಾದ ಕೆಲವು ಡ್ರೈವರ್‌ಗಳಲ್ಲಿ ಇದು ಸರಿಯಾಗಿ ಕೆಲಸ ಮಾಡುವುದೂ ಇಲ್ಲ, ನಿದ್ದೆಯಿಂದ ಏಳುವುದರೊಳಗೆ ಕನೆಕ್ಷನ್ ಬಿಟ್ಟುಹೋಗುತ್ತದೆ.

ಜರ್ನಲ್‌ಸಿಟಿಎಲ್ ಕಮಾಂಡಿನಲ್ಲಿ ಲಾಗ್, ಅಂದರೆ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ, ತೆಗೆದು, ಕಡಿದ ಹೊತ್ತಿನ ಸಾಲುಗಳನ್ನು ಹುಡುಕಿದೆ. ಡಿಸ್‌ಕನೆಕ್ಟೆಡ್ ಎಂಬ ಸಾಲಿನಲ್ಲಿ ರೀಸನ್ 4 ಎಂದಿತ್ತು. ಬಹಳ ಹೊತ್ತು ಅತ್ತಲಿಂದ ಸದ್ದಿಲ್ಲ ಎಂಬ ಕಾರಣಕ್ಕೆ ಸಂಬಂಧ ಕಡಿದದ್ದು ಎಂದು ಅದರರ್ಥ. ಪಕ್ಕದಲ್ಲೇ 'ಲೋಕಲಿ ಜನರೇಟೆಡ್' ಎಂದೂ ಇತ್ತು. ಲಾಗ್‌ನಲ್ಲಿ ಇದನ್ನು ತಪ್ಪದೇ ನೋಡಿ. ಅದು 1 ಎಂದಿದ್ದರೆ ಕೈಬಿಟ್ಟದ್ದು ರೂಟರ್ ಅಲ್ಲ, ನಮ್ಮ ಕಂಪ್ಯೂಟರೇ. ನನ್ನದರಲ್ಲಿ ಪ್ರತಿ ಸಲವೂ 1 ಇತ್ತು.

ಐಡಬ್ಲ್ಯೂ ಕಮಾಂಡಿನಲ್ಲಿ ಪವರ್ ಸೇವ್ ಆಫ್ ಮಾಡಿದೆ. ಪಿಂಗ್ ಆ ಕ್ಷಣವೇ 2ರಿಂದ 4 ಮಿಲಿಸೆಕೆಂಡಿಗೆ ಬಂದು ನಿಂತಿತು. ಆದರೆ ಹೀಗೆ ಮಾಡಿದ್ದು ರೀಸ್ಟಾರ್ಟ್ ಆಗುವವರೆಗೆ ಮಾತ್ರ. ಕಾಯಂ ಆಗಿ ನಿಲ್ಲಬೇಕಾದರೆ ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ಸೆಟ್ಟಿಂಗ್ ಫೈಲಿನಲ್ಲಿ ವೈಫೈ ಪವರ್‌ಸೇವ್ ಎಂಬ ಸಾಲನ್ನು ಬದಲಿಸಬೇಕು. ಇಲ್ಲಿ ಒಂದು ಎಚ್ಚರಿಕೆ. ಆಫ್ ಅಂದರೆ 0 ಅಲ್ವಾ ಎಂದು ನಾನೂ ಮೊದಲು 0 ಬರೆದಿದ್ದೆ. ಅಲ್ಲಿ 0 ಅಂದರೆ ಡೀಫಾಲ್ಟ್, 1 ಅಂದರೆ ಈಗಿರುವುದನ್ನು ಮುಟ್ಟಬೇಡ, 2 ಅಂದರೆ ಆಫ್, 3 ಅಂದರೆ ಆನ್. ನಾನು ಕೈಹಾಕುವ ಮೊದಲು ನನ್ನ ಫೈಲಿನಲ್ಲಿ 3 ಇತ್ತು. ಕೊನೆಗೆ 2 ಮಾಡಿ, ನೆಟ್‌ವರ್ಕ್‌ಮ್ಯಾನೇಜರನ್ನು ರೀಸ್ಟಾರ್ಟ್ ಮಾಡಿದೆ.

ಹಗಲಿನ ತೊಂದರೆ ಅಲ್ಲಿಗೆ ಮುಗಿಯಿತು. ಆದರೆ ರಾತ್ರಿ ಮತ್ತೆ ಕಡಿಯಿತು.

ನೋಟ್‌ಬುಕ್ ತಿರುವಿ ನೋಡಿದರೆ ಉಳಿದ ಎಲ್ಲಾ ಸಲವೂ 9 ಗಂಟೆಯ ಮೇಲೇ. ರಾತ್ರಿ ಅಕ್ಕಪಕ್ಕದ ಮನೆಯವರೆಲ್ಲ ಟಿವಿ, ಮೊಬೈಲ್ ಹಿಡಿದು ಕೂರುವ ಹೊತ್ತು. ಗದ್ದಲ ಜಾಸ್ತಿಯಾಗಿರಬೇಕು ಎಂದುಕೊಂಡು ಚಾನೆಲ್ ಕಡೆ ನೋಡಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಆದರೆ ಒಂದೊಂದು ರೂಟರ್ ಕನಿಷ್ಠ 20 ಮೆಗಾಹರ್ಟ್ಸ್ ಅಗಲ ಹಿಡಿಯುತ್ತದೆ. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವುದು 1, 6, 11 ಈ ಮೂರನ್ನು. ಎನ್‌ಎಂಸಿಎಲ್‌ಐ ಕಮಾಂಡ್ ಕೊಟ್ಟ ಸುತ್ತಲಿನ ವೈಫೈಗಳ ಪಟ್ಟಿಯಲ್ಲಿ ನಮ್ಮ ರೂಟರ್ 4ರಲ್ಲಿತ್ತು, 1ರವರಿಗೂ 6ರವರಿಗೂ ತಾಗಿಕೊಂಡು. 11ರಲ್ಲಿ ದೂರದ ಒಂದೇ ಮನೆ. ರೂಟರನ್ನು 11ಕ್ಕೆ, 20 ಮೆಗಾಹರ್ಟ್ಸ್ ಅಗಲಕ್ಕೆ ಇಟ್ಟೆ. ಹಗಲಿನಲ್ಲಿ ವೇಗ ಸ್ವಲ್ಪ ಹೆಚ್ಚಿತು. ರಾತ್ರಿ ಕಡಿಯುವುದು ಮಾತ್ರ ನಿಲ್ಲಲಿಲ್ಲ.

ಸುಳಿವು ಸಿಕ್ಕಿದ್ದು ಮೌಸಿನಿಂದ. ಒಂದು ರಾತ್ರಿ ಪಿಂಗ್ ನಿಂತ ಹೊತ್ತಿಗೆ ಸರಿಯಾಗಿ ನನ್ನ ವೈರ್‌ಲೆಸ್ ಮೌಸಿನ ಬಾಣ ತಡವರಿಸಿ ತಡವರಿಸಿ ಓಡಿತು. ಮೌಸಿಗೂ ಇಂಟರ್ನೆಟ್ಟಿಗೂ ಸಂಬಂಧವಿಲ್ಲ. ಆದರೆ ಆ ಮೌಸ್ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನಲ್ಲೇ. ಅಂದರೆ ತೊಂದರೆ ಪಕ್ಕದ ಮನೆಯದಲ್ಲ, ನನ್ನ ಮೇಜಿನ ಮೇಲೆಯೇ ಏನೋ ಗದ್ದಲ ಮಾಡುತ್ತಿದೆ. 9 ಗಂಟೆಗೆ ಮೇಜಿನ ಮೇಲೆ ಶುರುವಾಗುವುದು ಒಂದೇ ಕೆಲಸ. ದಿನದ ಫೈಲುಗಳ ಬ್ಯಾಕಪ್, ಯುಎಸ್‌ಬಿ 3.0 ಹಾರ್ಡ್‌ಡಿಸ್ಕಿಗೆ. ಆ ಡಿಸ್ಕಿನ ಕೇಬಲ್ ಸಿಪಿಯು ಹಿಂದೆ ಡಾಂಗಲ್ಲಿಗೆ ಅಂಟಿಕೊಂಡ ಪೋರ್ಟಿನಲ್ಲಿತ್ತು.

ಇದರ ಬಗ್ಗೆ ಇಂಟೆಲ್ 2012ರಲ್ಲೇ ಒಂದು ವರದಿ ಪ್ರಕಟಿಸಿದೆ. ಯುಎಸ್‌ಬಿ 3.0ರ ತಂತಿಯಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆಗ ಹುಟ್ಟುವ ರೇಡಿಯೋ ಗದ್ದಲ 2.4ರಿಂದ 2.5 ಗಿಗಾಹರ್ಟ್ಸ್‌ವರೆಗಿನ ಜಾಗವನ್ನೂ ತುಂಬುತ್ತದೆ. ಸಾಧನದಿಂದ, ಕೇಬಲ್ಲಿನಿಂದ, ಪೋರ್ಟಿನಿಂದ ಅದು ಹೊರಗೆ ಸೋರುತ್ತದೆ. ಹತ್ತಿರದಲ್ಲಿರುವ ವೈಫೈ, ವೈರ್‌ಲೆಸ್ ಮೌಸ್ ಎರಡಕ್ಕೂ ಏಟು ಬೀಳುತ್ತದೆ.

ಸುಮ್ನೆ ನಂಬುವುದು ಬೇಡ ಎಂದು ಪರೀಕ್ಷೆ ಮಾಡಿದೆ. ಡಿಸ್ಕ್ ಕಿತ್ತಿಟ್ಟು 300 ಪಿಂಗ್ ಕಳಿಸಿದೆ, ಒಂದೂ ಕಳೆಯಲಿಲ್ಲ. ಡಿಸ್ಕ್ ಹಾಕಿ ದೊಡ್ಡ ಫೋಲ್ಡರ್ ಕಾಪಿ ಮಾಡುತ್ತಾ 300 ಕಳಿಸಿದೆ, 70ಕ್ಕೂ ಹೆಚ್ಚು ಕಳೆದವು. ನಾನು ಮರೆಯದ ವಿಷಯ ಇನ್ನೊಂದಿದೆ. ಎರಡೂ ಸಲ ಸಿಗ್ನಲ್ ಮೈನಸ್ 58 ಡಿಬಿಎಂ ಆಸುಪಾಸಿನಲ್ಲೇ ಇತ್ತು. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ, ಮೈನಸ್ 58 ಒಳ್ಳೆಯದೇ. ಜಾತ್ರೆಯಲ್ಲಿ ಪಕ್ಕದಲ್ಲೇ ಡೊಳ್ಳು ಬಾರಿಸುತ್ತಿದ್ದರೆ ಎದುರಿಗಿದ್ದವರು ಎಷ್ಟು ಜೋರಾಗಿ ಮಾತಾಡಿದರೂ ಕೇಳಿಸುವುದಿಲ್ಲ. ಮಾತಾಡುವವರ ದನಿಯೇನೂ ಕಡಿಮೆಯಾಗಿರುವುದಿಲ್ಲ. ಗೆರೆಗಳು ತೋರಿಸುವುದು ಆ ದನಿಯನ್ನು ಮಾತ್ರ. ಗದ್ದಲ ಕಾಣಬೇಕಾದರೆ ಐಡಬ್ಲ್ಯೂನ ಸ್ಟೇಷನ್ ಡಂಪ್‌ನಲ್ಲಿ ಟಿಎಕ್ಸ್ ರೀಟ್ರೈಸ್ ಎಂಬ ಅಂಕಿ ನೋಡಬೇಕು, ಒಂದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸಬೇಕಾಗಿ ಬಂದ ಲೆಕ್ಕ. ಡಿಸ್ಕ್ ಓಡುವಾಗ ಅದು ದಡದಡ ಏರುತ್ತಿತ್ತು.

ಪರಿಹಾರಕ್ಕೆ ಬೇಕಾದದ್ದು ಒಂದೂವರೆ ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ಮಾತ್ರ. ಕೇಬಲ್ಲನ್ನು ಹಿಂದಿನ ಕಪ್ಪು, ಅಂದರೆ ಯುಎಸ್‌ಬಿ 2.0 ಪೋರ್ಟಿಗೆ ಹಾಕಿ, ಡಾಂಗಲ್ಲನ್ನು ಅದರ ಇನ್ನೊಂದು ತುದಿಗೆ ಸಿಕ್ಕಿಸಿ, ಮೇಜಿನ ಪಕ್ಕದ ಪುಸ್ತಕದ ಕಪಾಟಿನ ಮೇಲಿಟ್ಟೆ. ಡಿಸ್ಕನ್ನು ಮೇಜಿನ ಇನ್ನೊಂದು ತುದಿಗೆ ತಳ್ಳಿದೆ. ಸಿಪಿಯುನ ಕಬ್ಬಿಣದ ಡಬ್ಬದ ಹಿಂದಿನಿಂದ ಹೊರಬಂದದ್ದಕ್ಕೆ ಸಿಗ್ನಲ್ ಕೂಡ ಮೈನಸ್ 49ಕ್ಕೆ ಏರಿತು. ಆ ರಾತ್ರಿ ಬ್ಯಾಕಪ್, ಅಪ್‌ಲೋಡ್ ಎರಡನ್ನೂ ಒಟ್ಟಿಗೆ ಬಿಟ್ಟು ಪಿಂಗ್ ನೋಡುತ್ತಾ ಕೂತೆ. 300ರಲ್ಲಿ ಒಂದೂ ಹೋಗಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೊಸದಾಗಿ ಕೊಳ್ಳುವವರು ಸಾಧ್ಯವಾದರೆ 5 ಗಿಗಾಹರ್ಟ್ಸ್ ಇರುವ ಡಾಂಗಲ್ ಕೊಳ್ಳಿ, ಈ ಗದ್ದಲ ಅಲ್ಲಿಗೆ ತಟ್ಟುವುದಿಲ್ಲ. ಗೋಡೆ ದಾಟಿದಾಗ ಅದರ ಬಲ ಬೇಗ ಇಳಿಯುತ್ತದೆ ಎಂಬುದು ನೆನಪಿರಲಿ. ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲೇ ಇದೆಯಾ ಎಂದು ಮೊದಲೇ ನೋಡಿಕೊಂಡರೆ ಇನ್ನೂ ಒಳ್ಳೆಯದು. ಹೊರಗಿನಿಂದ ತಂದು ಕಂಪೈಲ್ ಮಾಡಿದ ಡ್ರೈವರ್ ಆದರೆ ಕರ್ನಲ್ ಅಪ್‌ಡೇಟ್ ಆದಾಗ ಕೈಕೊಡಬಹುದು.

ಇದೆಲ್ಲ ಆದ ಮೇಲೆ ತಮ್ಮ ಫೋನ್ ಮಾಡಿದ. "ಅಕ್ಕಾ, ನಂದೂ ಹಂಗೇ ಕಡೀತಿದೆ, ನಾನೂ ಆ ಕೇಬಲ್ ತರ್ಲಾ?" ಎಂದ. "ಈಗ್ಲೇ ಬೇಡ, ಮೊದಲು ರೂಟರ್‌ಗೆ ಪಿಂಗ್ ಹಾಕಿ ಹೇಳು" ಎಂದೆ. ರೂಟರ್ 3 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. 8.8.8.8 ಕೂಡ ಸರಿಯಾಗಿತ್ತು. ಸೈಟಿನ ಹೆಸರು ಹಾಕಿದರೆ ಮಾತ್ರ ಉತ್ತರವಿಲ್ಲ. ಅವನ ವೈಫೈಗೆ ಏನೂ ಆಗಿರಲಿಲ್ಲ. ಸೈಟಿನ ಹೆಸರನ್ನು ಅಂಕಿ ವಿಳಾಸಕ್ಕೆ ಬದಲಿಸಿಕೊಡುವುದು ಡಿಎನ್‌ಎಸ್. ಹಿಂದೆ ಯಾವಾಗಲೋ ಕೈಯಾರೆ ಬರೆದಿಟ್ಟ ಡಿಎನ್‌ಎಸ್ ವಿಳಾಸ ಈಗ ಒಮ್ಮೊಮ್ಮೆ ಮಾತ್ರ ಉತ್ತರ ಕೊಡುತ್ತಿತ್ತು. ಅದನ್ನು ಅಳಿಸಿ ಆಟೋಮ್ಯಾಟಿಕ್ ಮಾಡಿದ. ಕೇಬಲ್ ತರುವ ಅಗತ್ಯ ಬರಲಿಲ್ಲ.